ಪೆಂಡಾಲಿನಲ್ಲಿ ಕೂತು ಹಿಡಿದ ದನಿ: ನಮ್ಮ ಹಳೆಯ ಟೇಪುಗಳ ಪಾಡೇನು?

ಅಮೆರಿಕದ ಶಿಕಾಗೋ ನಗರದಲ್ಲಿ ಆಡಮ್ ಜೇಕಬ್ಸ್ ಎಂಬ ಸಂಗೀತದ ಹುಚ್ಚಿನವರೊಬ್ಬರಿದ್ದಾರೆ. 1984ರಿಂದ ಅವರು ರಾಕ್ ಸಂಗೀತದ ಕಚೇರಿಗಳಿಗೆ ಹೋಗುವಾಗಲೆಲ್ಲ ಜೊತೆಗೊಂದು ರೆಕಾರ್ಡರ್ ಒಯ್ದು, ಜನರ ನಡುವೆ ನಿಂತೇ ಧ್ವನಿಮುದ್ರಣ ಮಾಡಿಕೊಂಡರು. ಹೀಗೆ ಸೇರಿದ ಕಚೇರಿಗಳು 10,000ಕ್ಕೂ ಹೆಚ್ಚು. ಆಗಿನ್ನೂ ಹೆಸರು ಮಾಡಿರದ ನಿರ್ವಾಣ ತಂಡ 1989ರಲ್ಲಿ ನುಡಿಸಿದ್ದೂ ಅದರಲ್ಲಿದೆ. ಈಗ ಇಂಟರ್ನೆಟ್ ಆರ್ಕೈವ್‌ನ ಸ್ವಯಂಸೇವಕರು ಆ ಟೇಪುಗಳನ್ನು ಒಂದೊಂದಾಗಿ ಡಿಜಿಟಲ್ ಮಾಡಿ, ದನಿಯನ್ನು ಸರಿಪಡಿಸಿ, ಯಾರು ಬೇಕಾದರೂ ಉಚಿತವಾಗಿ ಕೇಳುವಂತೆ ಹಾಕುತ್ತಿದ್ದಾರೆ.

ಶಿಕಾಗೋದ ಸುದ್ದಿ ಹೊಸೂರಿಗೇಕೆ ಎಂದು ಸದಸ್ಯರು ಕೇಳಬಹುದು. ನಮ್ಮ ಹುಡುಗರಿಗೆ ರಾಕ್ ಹೊಸದೇನಲ್ಲ. ಬೆಂಗಳೂರಿನ ಅರಮನೆ ಮೈದಾನ ನಮಗೆ ನಲವತ್ತು ಚಿಲ್ಲರೆ ಕಿಲೋಮೀಟರ್. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಅಲ್ಲಿ ಹಾಡಿದಾಗ ಅತ್ತಿಬೆಲೆ ದಾಟಿ ಹೋದವರು ನಮ್ಮಲ್ಲೂ ಇದ್ದಾರೆ. ಆದರೆ ಆ ಕಚೇರಿಗಳ ಬಗ್ಗೆ ನಾವು ಚಿಂತಿಸಬೇಕಿಲ್ಲ. ಅವನ್ನು ನೆನಪಿಟ್ಟುಕೊಳ್ಳಲು ಲೋಕದ ತುಂಬ ಅಭಿಮಾನಿಗಳಿದ್ದಾರೆ. ಚಿಂತಿಸಬೇಕಾದ್ದು ನಮ್ಮ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ, ಶೋಕೇಸಿನ ಕೆಳಖಾನೆಯಲ್ಲಿ ಬಿದ್ದಿರುವ ಟೇಪುಗಳ ಬಗ್ಗೆ. ಗಣೇಶೋತ್ಸವದ ವಾದ್ಯಗೋಷ್ಠಿ, ರಾಜ್ಯೋತ್ಸವದ ಸುಗಮ ಸಂಗೀತ, ಊರ ಜಾತ್ರೆಯ ಕುರುಕ್ಷೇತ್ರ ನಾಟಕ, ರಾಮನವಮಿಯ ಭಜನೆ: ಇವನ್ನು ಯಾರೋ ಒಬ್ಬರು ಟೂ-ಇನ್-ಒನ್ ತೊಡೆಯ ಮೇಲಿಟ್ಟುಕೊಂಡು ಹಿಡಿದಿಟ್ಟಿರುತ್ತಾರೆ. ಜೇಕಬ್ಸ್ ಮಾಡಿದ್ದೂ ಅದೇ ಕೆಲಸ.

1980ರ ದಶಕದಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಕಾರ್ಖಾನೆಗಳಿಂದ ಹೊಸೂರು ಬೆಳೆಯುತ್ತಿದ್ದ ಹೊತ್ತಿಗೇ ದೇಶದ ತುಂಬ ಕ್ಯಾಸೆಟ್ ಅಗ್ಗವಾಯಿತು. ಸಂಬಳದ ಮನೆಗಳಿಗೆ ರೇಡಿಯೊ ಜೊತೆಗಿನ ಟೇಪ್ ರೆಕಾರ್ಡರ್ ಬಂತು. ಮದ್ರಾಸಿನ ಬರ್ಮಾ ಬಜಾರಿನಿಂದ ತಂದವರಿದ್ದರು, ಗಲ್ಫಿನಿಂದ ತರಿಸಿದವರಿದ್ದರು. ರೆಕಾರ್ಡ್ ಗುಂಡಿ ಕೆಂಪು. ಅದನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಆಯಿತು. ಆಕಾಶವಾಣಿ ಧ್ವನಿಮುದ್ರಿಸಿದ್ದು ತಾನು ಕರೆಸಿದ ಕಲಾವಿದರನ್ನು, ಕ್ಯಾಸೆಟ್ ಕಂಪನಿಗಳು ಹಿಡಿದದ್ದು ಮಾರಾಟವಾಗುವ ಹೆಸರುಗಳನ್ನು. ಡೆಂಕಣಿಕೋಟೆಯ ಪೆಂಡಾಲಿಗೆ ಈ ಇಬ್ಬರಲ್ಲಿ ಯಾರೂ ಬರುವ ಕಾರಣವಿರಲಿಲ್ಲ. ಬಂದವರು ಸಭಿಕರು ಮಾತ್ರ.

ಇಂಥ ಟೇಪುಗಳಿಂದ ಏನು ಉಳಿಯುತ್ತದೆ ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ನಿದರ್ಶನಗಳಿವೆ. ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ 32 ತುಂಬಿರಲಿಲ್ಲ. ಅವರು ಹೋದ ಮೇಲೆ ಹುಟ್ಟಿದವರೂ ಇಂದು ಅವರ ಪದ್ಯ ಕೇಳಿ ತಲೆದೂಗುತ್ತಾರೆ. ಬಯಲಾಟದ ಬಯಲಲ್ಲಿ ಕೂತು ಅಭಿಮಾನಿಗಳು ಹಿಡಿದಿಟ್ಟ ಕ್ಯಾಸೆಟ್ಟುಗಳಿಲ್ಲದಿದ್ದರೆ ಇಡೀ ರಾತ್ರಿಯ ಆಟದಲ್ಲಿ ಅವರ ದನಿ ಹೇಗೆ ಏರುತ್ತಿತ್ತು, ಚೆಂಡೆಯ ಜೊತೆ ಹೇಗೆ ಹೋಗುತ್ತಿತ್ತು ಎಂಬುದು ಬಾಯಿಮಾತಿನ ನೆನಪಾಗಿ ಉಳಿಯುತ್ತಿತ್ತು.

ತಾಳಮದ್ದಳೆಯ ಸಂಗತಿ ಇನ್ನೂ ಬಿಗಿ. ಅಲ್ಲಿ ಹಾಡುವ ಪದ್ಯ ಪುಸ್ತಕದಲ್ಲಿದೆ. ಅರ್ಥಧಾರಿ ಆಡುವ ಮಾತು ಮಾತ್ರ ಆ ಕ್ಷಣದ್ದು, ಎದುರಾಳಿಯ ಪ್ರಶ್ನೆಗೆ ತಕ್ಕಂತೆ ಹುಟ್ಟುವಂಥದ್ದು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿಯೋ ಕೌರವನಾಗಿಯೋ ಒಂದು ರಾತ್ರಿ ಆಡಿದ ವಾದ ಮರುರಾತ್ರಿ ಹಾಗೇ ಬರುತ್ತಿರಲಿಲ್ಲ. ಟೇಪಿಲ್ಲದಿದ್ದರೆ ಆ ಕೂಟದ ಪಠ್ಯವೇ ಇಲ್ಲ. ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡಿಗರು ಈ ವಿಷಯದಲ್ಲಿ ನಮಗಿಂತ ಮುಂದೆ. ಅವರಲ್ಲಿ ಕೂಟವನ್ನು ಟೇಪು ಮಾಡುವುದು, ಪ್ರತಿ ಮಾಡಿ ಹಂಚುವುದು ಒಂದು ಅಭ್ಯಾಸವೇ ಆಗಿತ್ತು. ಕರ್ನಾಟಕ ಸಂಗೀತದವರೂ ಹಾಗೆಯೇ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸುತ್ತಿರುವ ರಾಮನವಮಿ ಕಚೇರಿಗಳಿಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಿದ್ದರು. ಕಚೇರಿಗಳ ಟೇಪುಗಳನ್ನು ರಸಿಕರು ಹಣದ ಮಾತಿಲ್ಲದೆ ಬದಲಾಯಿಸಿಕೊಳ್ಳುತ್ತಿದ್ದರು, ಈಗ ಸಂಗೀತಪ್ರಿಯದಂಥ ಜಾಲತಾಣಗಳಲ್ಲಿ ಹಂಚಿಕೊಳ್ಳುತ್ತಾರೆ.

ಸುಗಮ ಸಂಗೀತದಲ್ಲಿ ಮಾತ್ರ ನಾವು ಹಿಂದೆ ಬಿದ್ದೆವು. ಸಿ. ಅಶ್ವತ್ಥರು 2005ರಲ್ಲಿ ಅರಮನೆ ಮೈದಾನದಲ್ಲಿ ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮ ದೊಡ್ಡದು, ಅದರ ದಾಖಲೆ ಉಳಿದಿದೆ. ಆದರೆ ಪಿ. ಕಾಳಿಂಗರಾಯರಾಗಲಿ ಮೈಸೂರು ಅನಂತಸ್ವಾಮಿಯವರಾಗಲಿ ಊರೂರು ಸುತ್ತಿ ಸಣ್ಣ ವೇದಿಕೆಗಳಲ್ಲಿ ಹಾಡಿದ್ದೆಷ್ಟು! ಕ್ಯಾಸೆಟ್ಟಿನಲ್ಲಿ ಮೂರು ನಿಮಿಷಕ್ಕೆ ಮುಗಿಯುವ ಹಾಡು ವೇದಿಕೆಯಲ್ಲಿ ಹತ್ತು ನಿಮಿಷ ಬೆಳೆಯುತ್ತದೆ. ಸಾಲುಗಳ ನಡುವೆ ಕವಿಯ ಬಗ್ಗೆ ಒಂದು ಮಾತು ಬರುತ್ತದೆ, ಸಭಿಕರು ಒನ್ಸ್ ಮೋರ್ ಕೂಗುತ್ತಾರೆ. ಇದು ಸ್ಟುಡಿಯೊದಲ್ಲಿ ಸಿಗುವುದಿಲ್ಲ.

ಈಗ ಇದನ್ನು ಯಾಕೆ ಎತ್ತುತ್ತಿದ್ದೇನೆ ಎಂದರೆ, ಹೊತ್ತು ಮೀರುತ್ತಿದೆ. 2019ರಲ್ಲಿ ಯುನೆಸ್ಕೊ ಆಶ್ರಯದಲ್ಲಿ 'ಮ್ಯಾಗ್ನೆಟಿಕ್ ಟೇಪ್ ಅಲರ್ಟ್' ಎಂಬ ಸಮೀಕ್ಷೆ ಶುರುವಾಯಿತು. 2025ರ ಸುಮಾರಿಗೆ ಟೇಪು ನುಡಿಸುವ ಒಳ್ಳೆಯ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಸಿಗುವುದೇ ಕಷ್ಟವಾಗುತ್ತದೆ ಎಂಬುದು ಅದರ ಆತಂಕ. ಆ ವರ್ಷವೂ ದಾಟಿತು. ಟೇಪಿನೊಳಗಿನ ದನಿ ಇನ್ನೂ ಇರಬಹುದು, ನುಡಿಸಲು ಡೆಕ್ ಇಲ್ಲ. ನಮ್ಮ ಊರುಗಳ ರೇಡಿಯೊ ರಿಪೇರಿ ಅಂಗಡಿಗಳು ಮೊಬೈಲ್ ಅಂಗಡಿಗಳಾಗಿ ಎಷ್ಟೋ ವರ್ಷವಾಯಿತು. ಬೆಲ್ಟು ಬದಲಾಯಿಸಿಕೊಡಿ ಎಂದರೆ ನಗುತ್ತಾರೆ.

ಇದಕ್ಕಿಂತ ದೊಡ್ಡ ಕಾರಣ ನಮ್ಮ ಶಾಲೆಗಳಲ್ಲಿದೆ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ 2006-07ರಲ್ಲಿ ಒಂದನೇ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಹತ್ತನೆಯವರೆಗೆ ಬಂತು. ಅದರ ಸರಿ ತಪ್ಪು ಬೇರೆ ಚರ್ಚೆ, ಈ ಪುಟದಲ್ಲಿ ಎಷ್ಟೋ ಸಲ ಆಗಿದೆ. ಅದರ ಪರಿಣಾಮವೊಂದನ್ನಷ್ಟೇ ಇಲ್ಲಿ ಗಮನಿಸಬೇಕು. ಮನೆಯಲ್ಲಿ ಕನ್ನಡ ಆಡುತ್ತಾ, ಕನ್ನಡ ಓದಲು ತಡವರಿಸುವ ಮಕ್ಕಳು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅವರಿಗೆ ಪುಸ್ತಕ ಭಂಡಾರಕ್ಕಿಂತ ದನಿ ಭಂಡಾರ ಹತ್ತಿರ. ತಾತನ ಊರಿನ ವೇದಿಕೆಯಲ್ಲಿ ಕನ್ನಡದ ಹಾಡು ಮೊಳಗಿತ್ತು, ನಿರೂಪಕರು ಕನ್ನಡದಲ್ಲಿ ಶುರುಮಾಡಿ ತೆಲುಗಿಗೆ ಜಾರಿ ತಮಿಳಿನಲ್ಲಿ ವಂದನೆ ಹೇಳಿದ್ದರು ಎಂಬುದನ್ನು ಅವರು ಕಿವಿಯಾರೆ ಕೇಳಬಲ್ಲರು. ತಳಿ, ಕೆಳಮಂಗಲ, ಬಾಗಲೂರು ಕಡೆಯ ನಮ್ಮ ಮಾತಿನ ಧಾಟಿಯನ್ನು ಯಾವ ನಿಘಂಟೂ ಹಿಡಿದಿಟ್ಟಿಲ್ಲ.

ಹಾಗಾದರೆ ಟೇಪು ತೆಗೆದು, ನುಡಿಸಿ, ಮೊಬೈಲಿನಲ್ಲಿ ಹಿಡಿದು ವಾಟ್ಸಾಪ್‌ಗೆ ಹಾಕಿದರೆ ಆಯಿತಲ್ಲ? ಅಷ್ಟು ಸುಲಭವಲ್ಲ. ರಾಕ್ ಟೇಪಿನವರು ನಲವತ್ತು ವರ್ಷದಲ್ಲಿ ಕಲಿತ ಪಾಠ ನಮಗೆ ಉಪಯೋಗಕ್ಕೆ ಬರುವುದು ಇಲ್ಲಿ.

ಕ್ಯಾಸೆಟ್ಟಿನ ಟೇಪು 4 ಮಿಲಿಮೀಟರಿಗೂ ಕಡಿಮೆ ಅಗಲ, ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಇಷ್ಟು ಸಣ್ಣ ಜಾಗದಲ್ಲಿ, ಇಷ್ಟು ನಿಧಾನದಲ್ಲಿ ಬರೆದ ದನಿಯಾದ್ದರಿಂದ ಹೆಡ್‌ನ ಕೋನ ಕೂದಲೆಳೆ ಬದಲಾದರೂ ತಾಳ, ಮಂಜೀರ, ಸ-ಕಾರಗಳೆಲ್ಲ ಮಸುಕಾಗುತ್ತವೆ. ಅದಕ್ಕೇ ಅನುಭವಿಗಳು ಪ್ರತಿ ಕ್ಯಾಸೆಟ್ಟಿಗೂ ಹೆಡ್ ಬಳಿಯ ಸಣ್ಣ ಸ್ಕ್ರೂ ತಿರುಗಿಸಿ ದನಿ ಅತಿ ಸ್ಪಷ್ಟವಾಗುವ ಕೋನ ಹುಡುಕಿಕೊಂಡ ಮೇಲೆಯೇ ಡಿಜಿಟಲ್‌ಗೆ ಇಳಿಸುತ್ತಾರೆ. ಈ ಒಂದು ಹೆಜ್ಜೆಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ತುಂಬಿಕೊಡಲಾರದು.

ಎರಡನೆಯದು ವೇಗ. ಬಯಲಿನಲ್ಲಿ ಹಿಡಿದ ಟೇಪುಗಳಲ್ಲಿ ಬ್ಯಾಟರಿಯ ಕಥೆ ಇದ್ದೇ ಇರುತ್ತದೆ. ರಾತ್ರಿ ಕಳೆದಂತೆ ಬ್ಯಾಟರಿ ಇಳಿದು ಮೋಟರು ನಿಧಾನವಾಗುತ್ತದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಗಾಯಕರ ದನಿ ಏರಿ, ಹಾಡು ಓಡಿದಂತೆ ಕೇಳುತ್ತದೆ. ಶೇಕಡ 6ರಷ್ಟು ವೇಗ ಹೆಚ್ಚಾದರೆ ಸಾಕು, ಶ್ರುತಿ ಹಾರ್ಮೋನಿಯಂನ ಪಕ್ಕದ ಮನೆಗೆ ಏರಿಬಿಡುತ್ತದೆ. ಅಂಥ ಟೇಪನ್ನು ಹಾಗೇ ಹಂಚಿದರೆ ಮುಂದಿನವರು ಅದನ್ನೇ ಆ ಗಾಯಕರ ಶ್ರುತಿ ಎಂದು ನಂಬುತ್ತಾರೆ. ಪಾಶ್ಚಾತ್ಯರು ಇದಕ್ಕೆ ಒಂದು ಉಪಾಯ ಮಾಡುತ್ತಾರೆ. ಆಂಪ್ಲಿಫೈಯರಿನ ಗುಂಯ್ ಎನ್ನುವ ಸದ್ದು ವಿದ್ಯುತ್ತಿನ ಆವರ್ತನದ್ದು, ಅದನ್ನು ಅಳೆದು ಟೇಪಿನ ವೇಗ ಸರಿಪಡಿಸುತ್ತಾರೆ. ನಮ್ಮಲ್ಲಿ ಅದು 50 ಹರ್ಟ್ಜ್ ಇರಬೇಕು. ಆದರೆ 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನಲ್ಲಿ ಅದು 49ಕ್ಕಿಂತ ಕೆಳಗಿಳಿಯುವುದು ಸಾಮಾನ್ಯವಾಗಿತ್ತು. ಆದ್ದರಿಂದ ನಮ್ಮ ಟೇಪುಗಳಿಗೆ ಹಾರ್ಮೋನಿಯಂ, ಕೀಬೋರ್ಡ್‌ಗಳ ಶ್ರುತಿಯೇ ಹೆಚ್ಚು ನಂಬಿಕೆಯ ಅಳತೆ. ಊರಿನ ಹಾರ್ಮೋನಿಯಂ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಹತ್ತು ನಿಮಿಷದ ಕೆಲಸ.

ಮೂರನೆಯದು ಟೂ-ಇನ್-ಒನ್‌ನ ಸ್ವಭಾವ. ಅದರಲ್ಲಿ ದನಿಯ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಏರ್ಪಾಡು ಇರುತ್ತಿತ್ತು. ಡ್ರಮ್ ಜೋರಾಗಿ ಬಿದ್ದ ತಕ್ಷಣ ಉಳಿದೆಲ್ಲ ದನಿ ಕುಗ್ಗಿ, ಮೆಲ್ಲಗೆ ಮೇಲೇಳುತ್ತದೆ. ಹಾಡು ನಿಂತಾಗ ಯಂತ್ರದ ಮೋಟರಿನ ಸದ್ದು, ಪಕ್ಕದವರ ಕೆಮ್ಮು ಎಲ್ಲ ಉಬ್ಬಿ ಬರುತ್ತವೆ. ಇದನ್ನು ಕೇಳಿದ ಕೂಡಲೇ ನಮ್ಮ ಹುಡುಗರು ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳತ್ತ ಕೈ ಚಾಚುತ್ತಾರೆ. ಅವು ಗಾಯನ, ತಾಳ, ವಾದ್ಯ, ಜನರ ಗಲಾಟೆಗಳನ್ನು ಬೇರೆ ಬೇರೆ ಮಾಡಬಲ್ಲವು ಎಂಬುದು ನಿಜ. 2023ರಲ್ಲಿ ಬಂದ ಬೀಟಲ್ಸ್ ತಂಡದ 'ನೌ ಅಂಡ್ ದೆನ್' ಹಾಡು ಹುಟ್ಟಿದ್ದು ಹಾಗೆ. ಜಾನ್ ಲೆನನ್ ಮನೆಯಲ್ಲಿ ಪಿಯಾನೊ ಮುಂದೆ ಕೂತು ಕ್ಯಾಸೆಟ್ಟಿಗೆ ಹಾಡಿದ್ದರಿಂದ ಅವರ ದನಿಯನ್ನಷ್ಟೇ ಬಿಡಿಸಿ ತೆಗೆದರು. ಗಮನಿಸಿ, ಬಿಡಿಸಿದರು, ಹೊಸದಾಗಿ ಹುಟ್ಟಿಸಲಿಲ್ಲ. ಇಂದಿನ ಕೆಲವು ಸಾಧನಗಳು ಮಸುಕಾದ ಜಾಗವನ್ನು ತಮಗೆ ತೋಚಿದಂತೆ ತುಂಬುತ್ತವೆ. ಕನ್ನಡದ ಒತ್ತಕ್ಷರ, ಳ-ಕಾರ, ಗಮಕ ಅವಕ್ಕೆಷ್ಟು ಗೊತ್ತು? ನುಣುಪಾಗಿ ಕೇಳುತ್ತದೆ, ಆದರೆ ಅದು ಆ ರಾತ್ರಿ ಹಾಡಿದ್ದಲ್ಲ.

ನನ್ನ ಅಭಿಪ್ರಾಯದಲ್ಲಿ ನಮ್ಮ ಟೇಪುಗಳ ಮಟ್ಟಿಗೆ ಜನರ ಗಲಾಟೆಯನ್ನು ಅಳಿಸುವುದೇ ತಪ್ಪು. ರಾಕ್ ಸಂಗ್ರಾಹಕನಿಗೆ ಬೇಕಾದ್ದು ಗಿಟಾರ್. ಪಕ್ಕದಲ್ಲಿ ಕಿರುಚಿದವನು ಅವನಿಗೆ ಶನಿ. ನಮಗೆ ಹಾಗಲ್ಲ. 'ಎಂದೆಂದೂ ಕೇಳುವ' ಸಿನಿಮಾ ಹಾಡುಗಳು ಎಲ್ಲೆಲ್ಲೂ ಸಿಗುತ್ತವೆ. ಆ ಹಾಡನ್ನು ಹೊಸೂರಿನಲ್ಲಿ ಹಾಡಿದಾಗ ಮುಂದಿನ ಸಾಲಿನ ಹೆಂಗಸರು ಏನೆಂದರು, ಅಣ್ಣಾವ್ರ ಹಾಡು ಬೇಕೆಂದು ಹಿಂದಿನಿಂದ ಯಾರು ಕೂಗಿದರು, ಕರೆಂಟು ಹೋದಾಗ ನಿರೂಪಕರು ಹೇಗೆ ಸಂಭಾಳಿಸಿದರು ಎಂಬುದು ಈ ಒಂದು ಟೇಪಿನಲ್ಲಿ ಮಾತ್ರ ಇದೆ. (ಅಣ್ಣಾವ್ರ ಹುಟ್ಟೂರು ಗಾಜನೂರು ಕೂಡ ತಮಿಳುನಾಡಿನ ತಾಳವಾಡಿ ಕಡೆಯದೇ ಅಲ್ಲವೇ! ಆ ಕೂಗಿನಲ್ಲಿ ನಮ್ಮವರೆಂಬ ಹಕ್ಕು ಸ್ವಲ್ಪ ಹೆಚ್ಚೇ ಇರುತ್ತಿತ್ತು.) ಆದ್ದರಿಂದ ಟೇಪಿನಿಂದ ಬಂದ ಮೊದಲ ಪ್ರತಿಯನ್ನು ಮುಟ್ಟದೆ ಇಡಬೇಕು. 96 ಕಿಲೋಹರ್ಟ್ಜ್, 24 ಬಿಟ್ ಎಂಬ ಮಟ್ಟದಲ್ಲಿ ಇಳಿಸಿದರೆ 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 3 ಜಿಬಿ ಹಿಡಿಯುತ್ತದೆ. ಇಂದಿನ ಹಾರ್ಡ್ ಡಿಸ್ಕಿಗೆ ಅದೇನೂ ಭಾರವಲ್ಲ. ಸ್ವಚ್ಛ ಮಾಡುವ ಆಸೆ ಇರುವವರು ಇನ್ನೊಂದು ಪ್ರತಿಯ ಮೇಲೆ ಮಾಡಲಿ, ಏನು ಮಾಡಿದೆವೆಂದು ಬರೆದಿಡಲಿ.

ಬರೆದಿಡುವ ಈ ಶಿಸ್ತು ರಾಕ್ ಟೇಪಿನವರದೇ. ಗ್ರೇಟ್‌ಫುಲ್ ಡೆಡ್ ತಂಡ 1984ರಲ್ಲಿ ಟೇಪು ಮಾಡುವವರಿಗೆಂದೇ ಸಭಾಂಗಣದಲ್ಲಿ ಜಾಗ ಬಿಟ್ಟುಕೊಟ್ಟಿತು. ಷರತ್ತು ಒಂದೇ: ಬದಲಾಯಿಸಿಕೊಳ್ಳಿ, ಮಾರಬೇಡಿ. ಆ ಬಳಗದಲ್ಲಿ ಪ್ರತಿ ಟೇಪಿನ ಜೊತೆ ಒಂದು ಚೀಟಿ ಇರುತ್ತದೆ. ಯಾವ ಊರು, ಯಾವ ದಿನ, ಯಾವ ಮೈಕು, ಮೂಲ ಟೇಪೋ ಮೂರನೇ ತಲೆಮಾರಿನ ಪ್ರತಿಯೋ ಎಲ್ಲ ಅದರಲ್ಲಿರುತ್ತದೆ. ನಮ್ಮ ಕ್ಯಾಸೆಟ್ಟುಗಳ ಮೇಲೆ ಏನಿರುತ್ತದೆ? ಹೆಚ್ಚೆಂದರೆ 'ಗಣೇಶ 91'. ಕೆಲವೊಮ್ಮೆ ಅದನ್ನೂ ಹೊಡೆದು ಹಾಕಿ 'ಮದುವೆ' ಎಂದು ಬರೆದಿರುತ್ತದೆ.

ಇನ್ನು ಹಂಚಿಕೊಳ್ಳುವ ಪ್ರಶ್ನೆ. ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಹಕ್ಕುಸ್ವಾಮ್ಯ ಕಾಯ್ದೆಯ 39ನೇ ವಿಧಿ ಸ್ವಂತ ಬಳಕೆಗೆ, ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗೆ ಪ್ರದರ್ಶನವನ್ನು ಧ್ವನಿಮುದ್ರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಮನೆಯಲ್ಲಿ ಇಟ್ಟುಕೊಂಡು ಕೇಳುವವರು ಹೆದರಬೇಕಿಲ್ಲ. ಆದರೆ ಲೋಕಕ್ಕೆಲ್ಲ ಕೇಳುವಂತೆ ಅಂತರ್ಜಾಲಕ್ಕೆ ಹಾಕುವುದು ಬೇರೆ ಮಾತು. 38ನೇ ವಿಧಿಯ ಪ್ರಕಾರ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. 1996ರಲ್ಲಿ ಹಾಡಿದ್ದರೆ 2046ರ ಕೊನೆಯವರೆಗೆ. 2012ರ ತಿದ್ದುಪಡಿ ಇನ್ನೊಂದನ್ನೂ ಸೇರಿಸಿತು: ಕಲಾವಿದರ ಹೆಸರು ಹೇಳಬೇಕು, ಅವರ ಕೀರ್ತಿಗೆ ಕುಂದು ಬರುವಂತೆ ಪ್ರದರ್ಶನವನ್ನು ತಿರುಚಬಾರದು. ಇದರ ಮೇಲೆ ಕವಿಯ ಹಕ್ಕು ಬೇರೆ, ಅದು ಸಾವಿನ ನಂತರ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರವರೆಗೆ. ಕುವೆಂಪು ಅವರದು 2054ರವರೆಗೆ. ಪುರಂದರದಾಸರ ಪದಗಳಿಗೆ ಮಾತ್ರ ಯಾರನ್ನೂ ಕೇಳಬೇಕಿಲ್ಲ.

ವಾದ್ಯಗೋಷ್ಠಿಗಳ ಟೇಪು ಇನ್ನೂ ಜಟಿಲ, ಏಕೆಂದರೆ ಅಲ್ಲಿ ಹಾಡಿದ್ದೆಲ್ಲ ಸಿನಿಮಾ ಹಾಡು. 2017ರಲ್ಲಿ ಇಳಯರಾಜ ಅವರು ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೇ ನೋಟಿಸ್ ಕಳಿಸಿದ್ದು ನಮ್ಮ ಊರುಗಳಲ್ಲಿ ಚಹಾ ಅಂಗಡಿಯ ಚರ್ಚೆಯಾಗಿತ್ತು. ಅಂಥ ದೊಡ್ಡವರಿಗೇ ಹಾಗಾದರೆ ನಮ್ಮ ಸಂಘದ ಯೂಟ್ಯೂಬ್ ಪುಟ ಎಷ್ಟರದು? ಯಂತ್ರವೇ ಹಾಡು ಗುರುತಿಸಿ ತಡೆ ಹಾಕುತ್ತದೆ. ಇಂಟರ್ನೆಟ್ ಆರ್ಕೈವ್‌ನ ಕಚೇರಿ ಸಂಗ್ರಹ 2002ರಿಂದ ಬೆಳೆದು ಎರಡು ಲಕ್ಷ ಧ್ವನಿಮುದ್ರಣ ದಾಟಿದ್ದರೆ ಅದರ ಗುಟ್ಟು ಸರಳ: ಒಪ್ಪಿಗೆ ಕೊಟ್ಟ ತಂಡಗಳದ್ದನ್ನೇ ಹಾಕುತ್ತಾರೆ, ಯಾರಾದರೂ ಬೇಡವೆಂದರೆ ತೆಗೆಯುತ್ತಾರೆ.

ಹೀಗಾಗಿ ಉಳಿಸುವುದನ್ನೂ ಹಂಚುವುದನ್ನೂ ಒಂದೇ ಕೆಲಸವೆಂದು ನೋಡಬಾರದು. ಉಳಿಸುವುದು ಈ ವರ್ಷವೇ ಆಗಬೇಕು, ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಹಂಚುವುದು ನಿಧಾನವಾಗಿ ಆಗಲಿ. ಸ್ಥಳೀಯ ಗಾಯಕರು, ನಾಟಕದ ಮೇಷ್ಟ್ರು, ಹರಿಕಥೆ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಇಲ್ಲವೇ ಅವರ ಮಕ್ಕಳಿದ್ದಾರೆ. ಒಂದು ಪುಟದ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದು ಕಷ್ಟವಲ್ಲ. ಎಷ್ಟೋ ಮನೆಯವರಿಗೆ ಅಪ್ಪನ ದನಿ ಕೇಳಿ ದಶಕಗಳಾಗಿರುತ್ತವೆ. ಕೇಳಿಸಿದ ಮೇಲೆ ಬೇಡ ಎನ್ನುವವರು ಅಪರೂಪ. ಒಪ್ಪಿಗೆ ಸಿಕ್ಕದ್ದನ್ನು ಪುಟಕ್ಕೆ ಹಾಕೋಣ. ಸಿಕ್ಕದ್ದನ್ನು ಭದ್ರವಾಗಿಟ್ಟು, ಸಂಶೋಧನೆಗೆಂದು ಕೇಳಿಬಂದವರಿಗೆ ಅಲ್ಲೇ ಕೂರಿಸಿ ಕೇಳಿಸೋಣ.

ಹಣದ ಮಾತು ಬರುತ್ತದೆ. ನಾವು ತಮಿಳುನಾಡಿನವರು, ಹಾಗಾಗಿ ಬೆಂಗಳೂರಿನ ಅಕಾಡೆಮಿಗಳಿಗೆ ದೂರ. ನಮ್ಮದು ಕನ್ನಡ, ಹಾಗಾಗಿ ಚೆನ್ನೈಗೂ ದೂರ. ಈ ಗೋಳು ಹಳೆಯದು. ಆದರೆ ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರವೆಂಬುದೊಂದು ಇದೆ, ಹೊರರಾಜ್ಯದ ಗಡಿ ಕನ್ನಡಿಗರ ಚಟುವಟಿಕೆಗಳಿಗೂ ನೆರವು ಕೊಡುತ್ತದೆ. ಸಂಘಗಳು ಸಾಮಾನ್ಯವಾಗಿ ಕೇಳುವುದು ಉತ್ಸವಕ್ಕೆ, ಶಾಮಿಯಾನಕ್ಕೆ. ಒಂದು ವರ್ಷ ಒಂದು ಒಳ್ಳೆಯ ಡೆಕ್, ಧ್ವನಿ ಇಳಿಸುವ ಇಂಟರ್‌ಫೇಸ್, ಮೂರು ಹಾರ್ಡ್ ಡಿಸ್ಕು ಕೇಳಿ ನೋಡೋಣ. ಒಂದು ಸಂಜೆಯ ಶಾಮಿಯಾನದ ಖರ್ಚಿಗಿಂತ ಅದು ಹೆಚ್ಚಾಗಲಾರದು. ಮೂರು ಡಿಸ್ಕು ಏಕೆಂದರೆ ಒಂದು ಹೊಸೂರಿನಲ್ಲಿ, ಒಂದು ಕೃಷ್ಣಗಿರಿಯಲ್ಲಿ, ಒಂದು ಬೆಂಗಳೂರಿನ ಬಂಧುಗಳ ಮನೆಯಲ್ಲಿ ಇರಲಿ.

ಅಲ್ಲಿಯವರೆಗೆ ಟೇಪು ಇರುವವರು ದಯವಿಟ್ಟು ಒಂದು ಮಾತು ಕೇಳಿ. ಆಸೆಯಾಯಿತೆಂದು ಹಳೆಯ ಯಂತ್ರಕ್ಕೆ ಹಾಕಿ ನುಡಿಸಬೇಡಿ. ಅಂಟಿಕೊಂಡ ಟೇಪು ಸುತ್ತಿಕೊಂಡು ಹರಿಯುವುದು ಆಗಲೇ. ಬಿಳಿ ಬೂಷ್ಟು ಕಂಡರೆ ಅದನ್ನು ಉಳಿದ ಕ್ಯಾಸೆಟ್ಟುಗಳಿಂದ ಬೇರೆ ಇಡಿ, ಒರೆಸಲು ಹೋಗಬೇಡಿ. ಮೇಲಂಚಿನ ಎರಡು ಪ್ಲಾಸ್ಟಿಕ್ ತುಂಡು ಇನ್ನೂ ಇದ್ದರೆ ಮುರಿದುಬಿಡಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಿಹೋಗುವುದಿಲ್ಲ. ಬಿಸಿಲು ಬೀಳದ ಒಣ ಬೀರುವಿನಲ್ಲಿ, ಸ್ಪೀಕರಿನ ಅಯಸ್ಕಾಂತದಿಂದ ದೂರ, ಪುಸ್ತಕದಂತೆ ನೇರ ನಿಲ್ಲಿಸಿಡಿ. ಎರಡೂ ಬದಿಯ ಫೋಟೋ ತೆಗೆದು, ಯಾವ ಊರು, ಯಾರು ಹಾಡಿದ್ದು, ಯಾರು ಟೇಪು ಮಾಡಿದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದು ಸಂಘಕ್ಕೆ ಕಳಿಸಿ. ಅವರು ನೆನಪಿಸಿಕೊಂಡು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳಿಸಿದರೂ ಸರಿಯೇ.